ತೋಳ ಕೊಂದರೆ ಔಷಧಿ ಬರುತ್ತದೆಯೇ?

ನಮ್ಮ ಟೈಪಿಂಗ್ ಟೀಚರಿಗೆ ಸಿಟ್ಟು ಬಂದದ್ದು ಮೊದಲು ಗೊತ್ತಾಗುತ್ತಿದ್ದುದು ಬಲಗೈಯ ಕಿರುಬೆರಳಿನಿಂದ. ಮೂವತ್ತು ವರ್ಷ ಕೀಲಿ ಕುಟ್ಟಿ ಕುಟ್ಟಿ ಕೊಕ್ಕೆಯಂತೆ ಬಾಗಿದ್ದ ಆ ಬೆರಳು ಮೇಜಿನ ಮೇಲೆ ಟಕಟಕ ಕುಣಿಯತೊಡಗಿದರೆ ಯಾರಿಗೋ ಗ್ರಹಚಾರ ಕಾದಿದೆ ಎಂದರ್ಥ. ಬಹುಪಾಲು ಅದು ನನಗೇ ಕಾದಿರುತ್ತಿತ್ತು.

ಚಳ್ಳಕೆರೆಯ ಎಣ್ಣೆ ಮಿಲ್ಲೊಂದರ ಎದುರಿನ ಮಹಡಿಯಲ್ಲಿ ಅವರ ಇನ್‌ಸ್ಟಿಟ್ಯೂಟ್. ನಮ್ಮೂರು ತಳಕಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಅಲ್ಲೇ ಕಲಿತೆ, ಆಮೇಲೆ ಅಲ್ಲೇ ಕಲಿಸತೊಡಗಿದೆ. ಟೀಚರ್ ದೇವಸಮುದ್ರದ ಕಡೆಯ ಕುರಿಗಾರರ ಮಗಳು. "ಕುರಿ ಕಾಯೋರ ಮನೇಲಿ ಹುಟ್ಟಿದೋಳಿಗೆ ಇಂಗ್ಲಿಷ್ ಟೈಪಿಂಗ್ ಎಲ್ಲಿಂದ ಬಂತು ಅಂತ ಕೇಳ್ತಾರೆ ಕಣೇ. ಎಲ್ಲಿಂದ ಬರತೈತೆ? ಕುಟ್ಟಿ ಕುಟ್ಟಿ ಬಂತು!" ಎನ್ನುತ್ತಿದ್ದರು.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಎರಡು ಕಂಪ್ಯೂಟರ್ ತರಿಸಿದರು. ಮಾರಿದವನು ಒಂದರಲ್ಲಿ ಆಟವೊಂದನ್ನು ಹಾಕಿಕೊಟ್ಟಿದ್ದ. ನಾವೊಂದು ಪಾತ್ರ ಮಾಡಿಕೊಂಡು ಊರೂರು ತಿರುಗಬೇಕು. ಯಾವ ಕೆಲಸ ಮಾಡುತ್ತೇವೋ ಅದರಲ್ಲಷ್ಟೇ ಕೈ ಪಳಗುತ್ತದೆ. ಕತ್ತಿ ಬೀಸಿದರೆ ಕತ್ತಿ, ಬೇರು ಅರೆದರೆ ಔಷಧಿ, ಜನರೊಡನೆ ಬೆರೆತರೆ ಮಾತುಗಾರಿಕೆ. ಟೀಚರ್ ಔಷಧಿ ಕೊಡುವ ಹೆಂಗಸಾದರು. ಕತ್ತಿ ಮುಟ್ಟದೆ ಕೊನೆಯ ಊರು ಸೇರಬೇಕೆಂಬುದು ಅವರ ಹಠ. ದಾರಿಗಳ್ಳರು ಅಡ್ಡ ನಿಂತರೆ ಮಾತಿನಲ್ಲೇ ಕರಗಿಸುತ್ತಿದ್ದರು; ಕರಗದಿದ್ದರೆ ಆ ಕಳ್ಳರ ಗಾಯಕ್ಕೇ ಮದ್ದು ಹಚ್ಚಿ ದಾಟುತ್ತಿದ್ದರು. ಕ್ಲಾಸು ಮುಗಿದ ಮೇಲೆ ದಿನಾ ಅರ್ಧ ಗಂಟೆ, ಹೀಗೆ ಎರಡು ವರ್ಷ. "ಮಾಡಿದ್ದೇ ಕೈಗೆ ಹತ್ತತೈತೆ. ಇಲ್ಲಿ ಯಾರ ಶಿಫಾರಸೂ ನಡಿಯಲ್ಲ," ಎಂದು ಹಿಗ್ಗುತ್ತಿದ್ದರು. ಇನ್ನೊಂದೇ ಊರು ಉಳಿದಿತ್ತು.

ಅಷ್ಟರಲ್ಲಿ ನಾನು ಆ ಆಟದ ಎರಡನೇ ಭಾಗದ ಸೀಡಿ ತಂದೆ. ಹಳೆಯ ಪಾತ್ರವನ್ನೇ ಹೊಸದರಲ್ಲಿ ಮುಂದುವರಿಸಬಹುದೆಂದು ಅಂಗಡಿಯವನು ಹೇಳಿದ್ದ. ಕಂಪ್ಯೂಟರಿನಲ್ಲಿ ಎರಡಕ್ಕೂ ಜಾಗ ಸಾಲದು. ಟೀಚರ್ ಖುಷಿಪಡುತ್ತಾರೆಂದು, ಅವರನ್ನು ಕೇಳದೆ, ಪಾತ್ರವನ್ನು ಹೊಸದಕ್ಕೆ ದಾಟಿಸಿ ಹಳೆಯ ಆಟವನ್ನು ಅಳಿಸಿಬಿಟ್ಟೆ.

ಟೀಚರ್ ಬಂದು ಕೂತರು. ಪರದೆಯ ಮೇಲೆ ಅವರ ಹೆಂಗಸು ಕತ್ತಿ ಹಿಡಿದು ನಿಂತಿದ್ದಳು.

"ಇವಳ ಕೈಗೆ ಕತ್ತಿ ಕೊಟ್ಟೋರ್ಯಾರೇ?"

ಹೊಸ ಆಟ ಹಳೆಯ ವಿದ್ಯೆಗಳನ್ನೆಲ್ಲ ಕೂಡಿಸಿ ಬರೀ ಅಂಕ ಮಾಡಿ, ಅವಳನ್ನು ಯೋಧೆಯ ಸಾಲಿಗೆ ಸೇರಿಸಿತ್ತು. ಇದರಲ್ಲಿ ಕೊಂದರೆ ಅಂಕ. ಆ ಅಂಕವನ್ನು ಬೇಕಾದ ವಿದ್ಯೆಗೆ ಹಾಕಿಕೊಳ್ಳಬಹುದು. ಕಳ್ಳರೊಡನೆ ಮಾತಿಗೆ ಅವಕಾಶವೇ ಇಲ್ಲ.

"ಅದೇನಿಲ್ಲ ಟೀಚರ್, ನಾಕು ತೋಳ ಹೊಡೀರಿ, ಬಂದ ಅಂಕನ ಔಷಧಿಗೆ ಹಾಕ್ರಿ," ಎಂದೆ.

"ತೋಳ ಕೊಂದ್ರೆ ಔಷಧಿ ಮಾಡೋದು ಹೆಂಗೆ ಬರತೈತೇ? ಯಾವ ಮುಠ್ಠಾಳ ಮಾಡಿದ್ದು ಇದನ್ನ? ಹಳೇದು ಹಾಕು."

"ಅಳಿಸಿದೀನಿ ಟೀಚರ್."

"ನನ್ನ ಕೇಳಿದ್ಯಾ?"

"ಆಟ ಅಲ್ವಾ ಟೀಚರ್..."

"ನಿನಗೆ ಆಟ! ಎದ್ದೋಗು ಇಲ್ಲಿಂದ!"

ಕೆಳಗೆ ಮಿಲ್ಲಿನ ಹಮಾಲರು ತಲೆಯೆತ್ತಿ ನೋಡಿದರು. ನನಗೂ ಸಿಟ್ಟು ನೆತ್ತಿಗೇರಿತು. ಈ ವಯಸ್ಸಿನಲ್ಲಿ ಈ ಹೆಂಗಸಿಗೆ ಇದೆಂಥ ಹುಚ್ಚು ಎಂದು ತಳಕಿನವರೆಗೂ ಹಲ್ಲು ಕಡಿಯುತ್ತಾ ಹೋದೆ. ಒಂದು ತಿಂಗಳು ಪಾಠ ಬಿಟ್ಟರೆ ನಮ್ಮಿಬ್ಬರ ನಡುವೆ ಮಾತಿಲ್ಲ. ಅವರಿಲ್ಲದ ಒಂದು ಮಧ್ಯಾಹ್ನ ನಾನೇ ಹೊಸ ಆಟಕ್ಕೆ ಕೂತೆ. ಸಿಕ್ಕ ಸಿಕ್ಕ ತೋಳ ಕೊಂದೆ, ಒಂದು ಬೇರನ್ನೂ ಅರೆಯದೆ ಸಂಜೆಯೊಳಗೆ ದೊಡ್ಡ ವೈದ್ಯಳಾದೆ. ಥೂ, ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಕಂಪ್ಯೂಟರ್ ಮಾರಿದವನ ಬೆನ್ನು ಹತ್ತಿ ಹಳೆಯ ಆಟವನ್ನು ಮತ್ತೆ ಹಾಕಿಸಿದೆ. ಹಳೆಯ ಪಾತ್ರ ಮಾತ್ರ ಮರಳಿ ಸಿಗಲಿಲ್ಲ; ಟೀಚರ್ ಮೊದಲನೇ ಊರಿನಿಂದ ಶುರುಮಾಡಿದರು. ಆ ವರ್ಷವೇ ಅವರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಎಡಗೈಯಲ್ಲಿ ತಡವರಿಸುವುದನ್ನು ನೋಡಲಾರದೆ, "ನೀವು ಹೇಳ್ತಾ ಹೋಗ್ರಿ ಟೀಚರ್, ನಾನು ಆಡ್ತೀನಿ. ಕೊನೇ ಊರು ಮುಟ್ಟಿಸ್ತೀನಿ," ಎಂದೆ.

ಮಾತು ತೊದಲುತ್ತಿತ್ತು, ಸಿಟ್ಟು ತೊದಲಲಿಲ್ಲ. "ನೀ ಆಡಿದ್ರೆ ನಿನ್ನ ಕೈ ಪಳಗತೈತೆ. ನಂದು ಹೆಂಗೆ ಪಳಗತೈತೆ? ಸರಿ ಅತ್ಲಾಗೆ."

ಟೀಚರ್ ತೀರಿಕೊಂಡಾಗ ಆಟದ ಮೂರನೇ ಊರಿನಲ್ಲಿದ್ದರು. ನನಗೆ ವಿದ್ಯೆ ಕೊಟ್ಟು ಅನ್ನಕ್ಕೆ ದಾರಿ ಮಾಡಿದವರ ಎರಡು ವರ್ಷವನ್ನು ನಾನು ಅರೆಗಳಿಗೆಯಲ್ಲಿ ಅಳಿಸಿದ್ದೆ. ಮಣ್ಣು ಮಾಡಿ ಬಂದ ದಿನ ಅವರ ತಂಗಿ ನನ್ನ ಬೆನ್ನು ಸವರಿ, "ಅಳಬ್ಯಾಡ, ನಿನ್ನ ಮೇಲಿನ ಸಿಟ್ಟು ಅಕ್ಕನಿಗೆ ಯಾವತ್ತೋ ಇಳಿದಿತ್ತು," ಎಂದರು.

ಮೈಯೆಲ್ಲ ಉರಿದುಹೋಯಿತು. ಯಾಕೆ ಇಳಿಯಬೇಕು? ಇಳಿದಿರಲಿಲ್ಲ. ಇಳಿಯಲೂಬಾರದು.