ಸರ್ಪಗಂಧ ಕಸಿದ ಮಾತು

“ಹಕೀಮ್ ಸಾಬ್ರ, ಇವರು ಮತ್ತ ನನಗ ಬೈಯೂ ಹಂಗ ಮಾಡ್ರಿ,” ಎಂದು ನಾನು ಕೈಮುಗಿದಾಗ ಗಾಜಿಪುರದ ಹಕೀಮರು ನನ್ನ ಯಜಮಾನರ ಮುಖ ನೋಡಿದರು.

ನಿಜಾಮರ ಕಾಲದ ಮಾತು. ರಕ್ತ ತಲೆಗೇರಿ ನಾಲಿಗೆ ತೊದಲುತ್ತಿದ್ದ ಯಜಮಾನರನ್ನು ಮೊದಲ ಸಲ ಕಮಲಾಪುರದಿಂದ ಬಂಡಿಯಲ್ಲಿ ಕರೆತಂದಾಗ, ಸರ್ಪಗಂಧದ ಬೇರಿನ ಪುಡಿ ಕೊಟ್ಟು ಉಳಿಸಿದವರು ಇದೇ ಹಕೀಮರು. ತಲೆನೋವು ಹೋಯಿತು. ಆದರೆ ಬರಬರುತ್ತ ಯಜಮಾನರು ಮಂಕಾಗಿ, ಮಾತು ಬಿಟ್ಟು, ಗೋಡೆ ನೋಡುತ್ತ ಕೂರತೊಡಗಿದ್ದರು.

“ಬೇರು ರಕ್ತಾನೂ ಇಳಸ್ತದ, ಮನಸ್ಸೂ ಇಳಸ್ತದ ಬೇಟಿ. ಬಿಟ್ರ ಜೀವಕ್ಕ ಧೋಕಾ ಅದ,” ಎಂದರು ಹಕೀಮರು.

ಆಗ ಯಜಮಾನರೇ ಬಾಯಿ ತೆರೆದರು: “ಬ್ಯಾಡ್ರಿ ಆ ಬೇರು. ಇದ್ದಷ್ಟು ದಿನ ಮನಷ್ಯಾ ಆಗಿ ಇರ್ತೀನಿ.”

ಅಂದೇ ಬೇರು ಬಿಟ್ಟ ಯಜಮಾನರು ಮುಂದಿನ ಬೇಸಿಗೆಯಲ್ಲಿ ತೀರಿಕೊಂಡರು. ಅಲ್ಲಿಯವರೆಗೆ ಮಕ್ಕಳ ಜೊತೆ ನಕ್ಕರು, ಹೊಲಕ್ಕೆ ಹೋದರು. ಅಂದು ತಡೆಯಬೇಕಿತ್ತೇ ಎಂದು ಇಂದಿಗೂ ಕೇಳಿಕೊಳ್ಳುತ್ತೇನೆ.