ಹುನಗುಂದದ ಟೆಂಟಿನ ಗುಲಾಬಿ

ಗ್ರಾನೈಟ್ ಅಂಗಡಿಯಲ್ಲಿ ಕೂರುವ ಮೊದಲು ಕಲ್ಲನ್ನು ಮುಟ್ಟಿ ನೋಡಬೇಕು. ಇದು ಇಳಕಲ್ಲಿನ ಕೂಸಿಗೂ ಗೊತ್ತು, ನನಗೆ ಗೊತ್ತಿರಲಿಲ್ಲ. ಬಾಗಲಕೋಟೆಯಿಂದ ಬಸ್ಸಿನಲ್ಲಿ ನಿಂತೇ ಬಂದವನು, ತಳತಳ ಹೊಳೆಯುವ ಗುಲಾಬಿ ಕಲ್ಲಿನ ಹಾಸು ಕಂಡದ್ದೇ ತಡ, ಉಸ್ಸಪ್ಪಾ ಎಂದು ಕೂತುಬಿಟ್ಟೆ. ಅದರ ಹೊಳಪು ಪಾಲಿಶಿನದಲ್ಲ. ಗಿರಾಕಿಗೆ ತೋರಿಸಲೆಂದು ದುಂಡೇಶಣ್ಣ ಆಗಷ್ಟೇ ಅದರ ಮೇಲೆ ಒಂದು ಬಕೀಟು ನೀರು ಹೊಡೆದಿದ್ದ. ನಾನು ಎದ್ದಾಗ ನನ್ನ ತಿಳಿಬಣ್ಣದ ಪ್ಯಾಂಟು ಹಿಂದಿನಿಂದ ಬೇರೆಯೇ ಕಥೆ ಹೇಳುತ್ತಿತ್ತು. ಕಲ್ಲು ನೋಡಲು ಬಂದಿದ್ದ ಹೆಣ್ಣುಮಕ್ಕಳು ಬಾಯಿಗೆ ಸೆರಗು ಒತ್ತಿಕೊಂಡರು. ನನ್ನ ಹಾಸ್ಯ ಲೇಖನ ಓದಿ ಇಷ್ಟು ಜನ ಒಟ್ಟಿಗೆ ನಕ್ಕದ್ದನ್ನು ನಾನು ಎಂದೂ ನೋಡಿಲ್ಲ.

"ನೋಡ್ರಿ," ಎಂದ ದುಂಡೇಶಣ್ಣ ಗಿರಾಕಿಗೆ, "ನಮ್ಮ ಕಲ್ಲಿನ ಬಣ್ಣ ಕಂಡು ಬರಿಯೂ ಮಂದಿಗೂ ತಡಕೊಳ್ಳಾಕ ಆಗೂದಿಲ್ಲ."

ಕಲ್ಲು ಮಾರಿಹೋಯಿತು. ನಾನು ಬಿಸಿಲಿಗೆ ಬೆನ್ನು ಹಾಕಿ ನಿಂತೆ.

ದುಂಡೇಶಣ್ಣ ಈ ಅಂಗಡಿಯಲ್ಲಿ ಕಲ್ಲು ತೋರಿಸುವ ಮನುಷ್ಯ. ಬೂದಿ ಬಳಿದಂಥ ಕಲ್ಲಿಗೆ ನೀರು ಹೊಡೆದು, ಅದು ಗುಲಾಬಿಯಾದ ಗಳಿಗೆಯಲ್ಲೇ ರೇಟು ಹೇಳುವುದು ಅವನ ಕೆಲಸ. ಒಣಗುವುದರೊಳಗೆ ವ್ಯವಹಾರ ಮುಗಿದಿರಬೇಕು. ಅವನಿಗೆ ಜೀವನದಲ್ಲಿ ಒಂದೇ ಸಿನಿಮಾ. ಅದರ ಹೆಸರು ಬರೆದರೆ ಅವನ ಜಗಳದಲ್ಲಿ ನಾನೂ ಸಾಕ್ಷಿದಾರನಾಗಬೇಕಾಗುತ್ತದೆ, ಬೇಡ. ಹುನಗುಂದದ ಟೆಂಟಿನಲ್ಲಿ ಅವನು ಅದನ್ನು ನೋಡಿದ್ದು ಮದುವೆಗೆ ಮೊದಲು. ಅದರಲ್ಲಿ ನಾಯಕಿ ಬದಾಮಿಯ ಬಂಡೆಗಳ ನಡುವೆ ಇಳಕಲ್ ಸೀರೆಯುಟ್ಟು ಓಡುತ್ತಾಳೆ. ಅಂಥದ್ದೇ ಸೀರೆ ತನ್ನ ಹೆಂಡತಿಯಾಗುವವಳಿಗೆ ಬೇಕು ಎಂದು ಹಟ ಹಿಡಿದ. ನೇಕಾರ ಲಕ್ಷ್ಮಪ್ಪ, "ಬಣ್ಣ ಯಾವುದು, ತೋರಿಸು" ಎಂದನಂತೆ. ದುಂಡೇಶಣ್ಣ ಅವನನ್ನೇ ಟೆಂಟಿಗೆ ಕರೆದೊಯ್ದ. ಚೀಲದ ತುಂಬ ಬಣ್ಣಬಣ್ಣದ ನೂಲಿನ ಲಡಿ. ಹಾಡು ಬಂದಾಗೊಮ್ಮೆ ಒಂದೊಂದೇ ಲಡಿಯನ್ನು ಪರದೆಗೆ ಅಡ್ಡ ಹಿಡಿದು ಹೋಲಿಸಿದರು. ಹಿಂದಿನವರು "ಕೈ ತಗೀಲೇ" ಎಂದು ಕಡಲೆಕಾಯಿ ಸಿಪ್ಪೆ ಎಸೆದರು. ಅಂತೂ ಗುಲಾಬಿ ಒಪ್ಪಿತು. ಗುಲಾಬಿ ಮೈ, ಕೆಂಪು ಸೆರಗು. ಅಂದಿನಿಂದ ನಂಟರ ಪ್ರತಿಯೊಂದು ಕಾರ್ಯದಲ್ಲೂ ಅವನ ಹೆಂಡತಿ ಕಸ್ತೂರಕ್ಕ ಆ ಸೀರೆ ಉಡುವುದು, ಪಕ್ಕದಲ್ಲಿ ನಿಂತು ದುಂಡೇಶಣ್ಣ ಈ ಕಥೆ ಹೇಳುವುದು. ಊಟಕ್ಕೆ ಎಲೆ ಹಾಕಿದರೂ ಕಥೆ ನಿಲ್ಲುವುದಿಲ್ಲ.

ಈಗ ಯಾವುದೋ ಕಂಪನಿ ಆ ಸಿನಿಮಾವನ್ನು ತೊಳೆದು, ಗೀಚು ತೆಗೆದು, ಬಣ್ಣ ತಿದ್ದಿ ಹೊಸ ಡಿಸ್ಕು ತಂದಿದೆ. ದುಂಡೇಶಣ್ಣ ಡಿಸ್ಕನ್ನೂ ಅದನ್ನು ಹಾಕುವ ಮಷೀನನ್ನೂ ತರಿಸಿ, ಊದಿನಕಡ್ಡಿ ಹಚ್ಚಿ ಶುರು ಮಾಡಿದರೆ, ನಾಯಕಿಯ ಸೀರೆ ಹಸಿರು! ಗಿಣಿಹಸಿರು! ಅದೇ ವಾರ ಕಸ್ತೂರಕ್ಕನ ತಮ್ಮನ ಹೆಂಡತಿ ಅನುರಾಧಾ ಗುಳೇದಗುಡ್ಡದಿಂದ ಫೋನು ಮಾಡಿದಳು. ಅವಳೂ ನೋಡಿದ್ದಳು. "ಅಕ್ಕಾರ, ಮಾಮಾರು ನಿಮಗ ಬ್ಯಾರೇ ಯಾರದೋ ಸೀರಿ ಉಡಿಸ್ಯಾರ ನೋಡ್ರಿ! ಭಾನುವಾರ ನಮ್ಮ ಮಗಳ ಕುಬಸಕ್ಕ ಯಾವುದು ಉಟಗೊಂಡು ಬರ್ತೀರಿ?"

ಕಸ್ತೂರಕ್ಕ ಏನೂ ಅನ್ನಲಿಲ್ಲ. ಟ್ರಂಕಿನಿಂದ ಸೀರೆ ತೆಗೆದು ನೆರಳಿಗೆ ಹರವಿದರು. ಆ ಮೌನವನ್ನು ದುಂಡೇಶಣ್ಣ ದುಃಖವೆಂದು ತಿಳಿದ. ಭಾನುವಾರದ ಸೀಮಂತದಲ್ಲಿ ಬಸುರಿಯ ಮುಂದೆ, ನಂಟರ ಮುಂದೆ ತನ್ನ ಹೆಂಡತಿಯ ಸೀರೆ ಖೋಟಾ ಆಗಬಾರದು! ನನ್ನನ್ನು ಕರೆಸಿದ್ದು ಅದಕ್ಕೇ.

"ಪೇಪರಿನ್ಯಾಗ ಬರೀರಿ. ಇದು ಮೋಸ. ಹೀರೋನ ಮಾರಿ ಅರಿಶಿಣ ಮಾಡ್ಯಾರ. ಗಿಡ ನೋಡಿದ್ರ ಹಸರ, ಮುಗಿಲು ನೋಡಿದ್ರ ನೀಲಿ!"

"ಮೊದಲು ಯಾವ ಬಣ್ಣ ಇದ್ದವು?"

"ಮುಗಿಲು ಗುಲಾಬಿ, ಗಿಡದ ಎಲಿ ಸುದ್ದಾ ಗುಲಾಬಿ. ಏನ್ ಚಂದ ಇತ್ತ್ರಿ!"

ಇಲ್ಲಿ ನಾನು ಒಂದು ಪ್ರಶ್ನೆ ಕೇಳಬೇಕಿತ್ತು. ಪ್ಯಾಂಟು ಇನ್ನೂ ಆರಿರಲಿಲ್ಲ, ಧೈರ್ಯವಾಗಲಿಲ್ಲ. ಬೇರೊಂದು ಕೇಳಿದೆ, "ಅಲ್ಲ ದುಂಡೇಶಣ್ಣ, ನೀನೂ ನೀರು ಹೊಡದು ಕಲ್ಲಿನ ಬಣ್ಣ ತಿದ್ದತೀಯಲ್ಲ?"

"ಅದು ತಿದ್ದೂದಲ್ಲರಿ. ಒಳಗ ಇದ್ದ ಬಣ್ಣ ಹೊರಗ ಕರಿಯೂದು."

ಡಿಸ್ಕಿನ ಡಬ್ಬಿಯ ಹಿಂದೆ ಕಂಪನಿಯವರೂ ಹೆಚ್ಚುಕಡಿಮೆ ಇದನ್ನೇ ಬರೆದಿದ್ದರು. ಅದನ್ನು ಓದಿ ತೋರಿಸಿದ್ದಕ್ಕೆ ಅವತ್ತು ನನಗೆ ಚಹಾ ಸಿಗಲಿಲ್ಲ.

ಕಂಪನಿಗೆ ಫೋನು ಹಚ್ಚಿದ. ಆ ಕಡೆಯ ಹುಡುಗಿ ಬೆಂಗಳೂರಿನ ನಯದಲ್ಲಿ, "ಡಿಸ್ಕ್ ಪ್ಲೇ ಆಗ್ತಿಲ್ವಾ ಸರ್?" ಎಂದಳು. "ಆಗಾಕತ್ತೈತ್ರಿ, ಅದಽ ತ್ರಾಸು" ಎಂದ. ಅವಳು ಇಟ್ಟುಬಿಟ್ಟಳು.

ಮರುದಿನ ಸಾಕ್ಷಿ ಹುಡುಕಲು ಬದಾಮಿಗೆ ಹೊರಟೆವು. ಮನುಷ್ಯರು ಸುಳ್ಳು ಹೇಳಬಹುದು, ಬಂಡೆ ಹೇಳುವುದಿಲ್ಲ ಎಂಬುದು ಅವನ ವಾದ. ಅಗಸ್ತ್ಯತೀರ್ಥದ ದಂಡೆಯಲ್ಲಿ ನಿಂತು, ಹೊಸ ಡಿಸ್ಕಿನ ದೃಶ್ಯವನ್ನು ಮೊಬೈಲಿನಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ ಬಂಡೆಗೆ ಹೋಲಿಸಿದ. ಒಂದಿಷ್ಟೂ ಫರಕಿಲ್ಲ. ಅದೇ ಕಂದು, ಅದೇ ನೆರಳು. ಹೀರೋನ ಮುಖಕ್ಕೆ ಬಳಿದ ಅರಿಶಿಣ ಎಂದು ಅವನು ಬೈದದ್ದು ಮಧ್ಯಾಹ್ನದ ಬಿಸಿಲಾಗಿತ್ತು. ಸೆಲ್ಫಿ ಹೊಡೆಯುತ್ತಿದ್ದವರೆಲ್ಲ ನಮ್ಮನ್ನೇ ನೋಡತೊಡಗಿದರು. ದುಂಡೇಶಣ್ಣ ಬಹಳ ಹೊತ್ತು ಬಂಡೆ ನೋಡಿ ಹೇಳಿದ, "ಭಾಳ ಧೂಳ ಕುಂತೈತ್ರಿ. ನಾಕ ಬಕೀಟ ನೀರ ಹೊಡದ್ರ ತಿಳೀತಿತ್ತು."

ಕೊನೆಗೆ ಸಿಕ್ಕಿದ ಅಸ್ತ್ರ ಒಂದು ಹಳೆಯ ಸೀಡಿ. ಇಳಕಲ್ಲಿನ ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಮಾಡುವ ಹುಸೇನಪೀರ ಒಂದು ಕಾಲದಲ್ಲಿ ಸಿನಿಮಾ ಸೀಡಿ ಬಾಡಿಗೆಗೆ ಕೊಡುತ್ತಿದ್ದ. ಅವನ ಅಟ್ಟದ ಮೇಲೆ ಆ ಸಿನಿಮಾದ ಸೀಡಿ ಇತ್ತು. ಹಾಕಿ ನೋಡಿದರೆ ಎಲ್ಲ ಗುಲಾಬಿ. ಮುಗಿಲು, ಗಿಡ, ಸೀರೆ, ನಾಯಕನ ಮೀಸೆ. ದುಂಡೇಶಣ್ಣನ ಕಣ್ಣಲ್ಲಿ ನೀರು ಬಂತು.

ಭಾನುವಾರ ಗುಳೇದಗುಡ್ಡದಲ್ಲಿ ಕುಬಸ. ಕಸ್ತೂರಕ್ಕ ಅದೇ ಗುಲಾಬಿ ಸೀರೆ ಉಟ್ಟು ಬಂದಿದ್ದರು. ಬಸುರಿಗೆ ಹೊಸ ಖಣದ ಕುಬಸ ತೊಡಿಸಿ, ಉಡಿ ತುಂಬಿ, ಆರತಿ ಮುಗಿಯುವುದನ್ನೇ ಕಾದು ದುಂಡೇಶಣ್ಣ ಟೀವಿ ಹಚ್ಚಿದ. ಗುಲಾಬಿ ಬಂಡೆಗಳ ನಡುವೆ ಗುಲಾಬಿ ನಾಯಕಿ ಓಡಿದಳು.

"ನೋಡ್ರಿ! ಈಗ ಹೇಳವ್ವಾ ಅನುರಾಧಾ, ಯಾರ ಸೀರಿ ಖೋಟಾ?"

ಅನುರಾಧಾ ಟೀವಿಯ ಹತ್ತಿರ ಹೋಗಿ ಬಗ್ಗಿ ನೋಡಿದಳು. ಆದರೆ ಕಸ್ತೂರಕ್ಕ ನಗತೊಡಗಿದರು.

"ಸಾಕ ಮಾಡ್ರಿ ಇನ್ನ. ಆ ಸೀರಿ ಹಸರಽ ಇತ್ತು. ನಾ ಸಣ್ಣಾಕಿ ಇದ್ದಾಗ, ಸಿನಿಮಾ ಬಂದ ಮೊದಲನೇ ವಾರನಽ ಬಾಗಲಕೋಟ್ಯಾಗ ನಮ್ಮಪ್ಪನ ಕೂಡ ನೋಡೇನಿ. ಊರೂರು ತಿರುಗಿ ನಿಮ್ಮ ಹುನಗುಂದದ ಟೆಂಟಿಗೆ ಬರೂದ್ರಾಗ ರೀಲ ಮುಪ್ಪಾಗಿ ಕೆಂಪೊಂದಽ ಉಳದಿತ್ತು. ಈ ಸೀಡಿನೂ ಅಂಥಾ ರೀಲಿಂದಽ ಇರಬೇಕು."

ದುಂಡೇಶಣ್ಣನ ಬಾಯಿ ತೆರೆದೇ ಇತ್ತು. "ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲ?"

"ನಿಶ್ಚಯದ ದಿನ ಇದನ್ನ ಹಿಡಕೊಂಡು ನಿಂತಿದ್ರಿ. ಆ ಮಾರಿ ನೋಡಿ ಹಸರ ಅನ್ನಾಕ ಬಾಯಿ ಬರಲಿಲ್ಲ. ಆಮ್ಯಾಲ ನನಗೂ ಗುಲಾಬಿನಽ ಸೇರಿತು. ಏಳ್ರಿ, ಊಟಕ್ಕ ಕುಂದರ್ರಿ."

ಅನುರಾಧಾ ಎದ್ದುಬಂದು ಆ ಸೀರೆಯ ಸೆರಗು ಮುಟ್ಟಿ ನೋಡಿ, ಹೋಳಿಗೆ ಬಡಿಸಲು ಹೋದಳು. ಹೋಳಿಗೆಗೆ ತುಪ್ಪ ಬಂತು. ನನ್ನ ಪಕ್ಕ ಕೂತ ದುಂಡೇಶಣ್ಣ ತುಪ್ಪ ಬೇಡ ಎನ್ನಲಿಲ್ಲ, ಬೇಕು ಎನ್ನಲೂ ಇಲ್ಲ. ನೋಡಲಾರದೆ ಮೆಲ್ಲಗೆ ಕೇಳಿದೆ, "ಈಗಾರ ಒಪ್ಪತೀಯೇನು ದುಂಡೇಶಣ್ಣ? ಸೀರಿ ಹಸರ ಇತ್ತಲ್ಲ?"

ಅವನು ಹೋಳಿಗೆ ಮುರಿಯುತ್ತ ಅಂದ, "ಅಂದ್ರ ಬಾಗಲಕೋಟಿ ಥೇಟರಿನವ್ರು ಆವಾಗ್ಲೇ ಬಣ್ಣ ಬದಲ ಮಾಡಿದ್ರು ಅಂತಾತ್ರಿ."