ಸೋಮವಾರದ ಗಾಡಿ

ಚಿಮಣಿ ಎಣ್ಣೆ ಮತ್ತು ಒದ್ದೆ ಎರೆಮಣ್ಣು ಕೂಡಿದ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಹೊಟ್ಟೆಕಿಚ್ಚಾಗುತ್ತದೆ. ನಗಬೇಡಿ. ಬಾಲ್ಯದ ವಾಸನೆ ನಿಮಗೆ ಕಣ್ಣೀರು ತರಿಸುತ್ತಿದ್ದರೆ ನೀವು ಪುಣ್ಯವಂತರು. ಹೋದ ತಿಂಗಳು ಜೇವರ್ಗಿಯಲ್ಲಿ ಕಾಕಾನ ಮಗಳು ಗೌರಿಯ ಮನೆ ಬಾಗಿಲಿಗೆ ಹೋಗಿ ನಿಂತಾಗ ಅದೇ ವಾಸನೆ ಬಂತು. ಅವಳು ಸೆರಗು ಸಿಕ್ಕಿಸಿಕೊಂಡು ಅಂಗಳದಲ್ಲಿ ಗಂಡನ ಮೋಟರ್‌ಸೈಕಲ್ ತೊಳೆಯುತ್ತಿದ್ದಳು. ಗಂಡ ಆಗಷ್ಟೇ ಹೊಲದಿಂದ ಬಂದಿದ್ದರಿಂದ ಗಾಲಿಗೆ ಮಾತ್ರ ನೀರು ಹಾಕಿ, ಚಿಮಣಿ ಎಣ್ಣೆಯ ಬಟ್ಟಲು ಪಕ್ಕಕ್ಕಿಟ್ಟು, ಇಂಜಿನ್ ಆರಲೆಂದು ಕಾಯುತ್ತಿದ್ದಳು. ನೀರು ಒಳಗೆ ಹೋಗದಂತೆ ಸೈಲೆನ್ಸರಿನ ಬಾಯಿಗೆ ದಪ್ಪ ಬಟ್ಟೆ ಕಟ್ಟಿತ್ತು. ಎರಡು ಸುತ್ತು ಸುತ್ತಿ, ಒಂದು ತುದಿ ಎಳೆದು ಬಿಟ್ಟ ಆ ಗಂಟು ನಮ್ಮ ಮುತ್ಯಾ ಹಾಕುತ್ತಿದ್ದದ್ದು.

ಮುತ್ಯಾ ಅಂದರೆ ನನಗೂ ಗೌರಿಗೂ ಅಪ್ಪನ ಅಪ್ಪ. ಆಳಂದದಿಂದ ಖಜೂರಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ನಮ್ಮ ಊರು, ಒಂದೇ ಸೂರಿನಡಿ ಅಪ್ಪ ಮತ್ತು ಕಾಕಾ ಇಬ್ಬರ ಸಂಸಾರ. ಕೊನೆಯ ಜೋಡೆತ್ತು ಮಾರಿದ ವರ್ಷವೇ ಕಾಕಾ ಮೋಟರ್‌ಸೈಕಲ್ ತಂದ. ಬೀಜ-ಗೊಬ್ಬರ ಮಾರುತ್ತ ಹೊಲಹೊಲ ತಿರುಗುವ ಕೆಲಸ ಅವನದು. ಎತ್ತು ಕಟ್ಟುತ್ತಿದ್ದ ಗೂಟದ ಪಕ್ಕದಲ್ಲೇ ಗಾಡಿ ನಿಲ್ಲತೊಡಗಿದಾಗ ಮುತ್ಯಾ ಒಂದು ವಾರ ಅದರ ಕಡೆ ತಿರುಗಿಯೂ ನೋಡಲಿಲ್ಲ. ಎಂಟನೆಯ ದಿನ ಕಾಕಾನನ್ನು ಕರೆದು, "ಸೋಮವಾರ ಬಸವಣ್ಣನ ವಾರ, ಎತ್ತಿಗೂ ಬಿಡುವು. ಹತ್ತು ಹೊಡಿಯೂದ್ರಾಗ ಇದು ಮನಿಗೆ ಬರಬೇಕು. ಆಮ್ಯಾಲ ಹೂಡಂಗಿಲ್ಲ" ಅಂದ. ಕಾಕಾ ನಕ್ಕ, ಆದರೆ ಮಾತು ಮೀರಲಿಲ್ಲ. ಅಂದಿನಿಂದ ಸೋಮವಾರ ಗಾಡಿಯ ಜಳಕ. ದುಡಿದು ಬಂದ ಎತ್ತಿಗೆ ಬೆವರಾರುವ ತನಕ ತಣ್ಣೀರು ಹಾಕಬಾರದೆಂದು ಬಲ್ಲ ಮನುಷ್ಯನಿಗೆ ಇಂಜಿನ್ನಿನ ವಿಷಯ ಯಾರೂ ಹೇಳಿಕೊಡಬೇಕಾಗಲಿಲ್ಲ. ರೊಟ್ಟಿ ತಿಂದು ಬಂದು, ಮುಂಗೈಯ ಹಿಂಬದಿಯನ್ನು ಮೆಲ್ಲಗೆ ಹತ್ತಿರ ಒಯ್ದು, ಕೊನೆಗೆ ಮುಟ್ಟಿ, "ಆರ್ಯಾದ" ಅನ್ನುತ್ತಿದ್ದ. ಅವನು ಆ ಮಾತು ಅನ್ನುವ ತನಕ ಯಾರೂ ಕೈ ಹಚ್ಚುವಂತಿರಲಿಲ್ಲ. ಬಾಯಿಯ ಬೀಡಿ ಆರಿಸಿ ದೂರ ಎಸೆದು, ಆಮೇಲೆಯೇ ಚಿಮಣಿ ಎಣ್ಣೆಯ, ಅಂದರೆ ಸೀಮೆಎಣ್ಣೆಯ, ಬಟ್ಟಲಿಗೆ ಕುಂಚ ಅದ್ದುವುದು. ಇಂಜಿನ್ನಿನ ಮೈ ಮೇಲೆ ಗಾಳಿ ಆಡಲೆಂದು ಸಾಲುಸಾಲು ಪಟ್ಟಿಗಳಿರುತ್ತವಲ್ಲ, ಅವನ್ನು ಮುತ್ಯಾ ಪಕ್ಕೆಲುಬು ಎನ್ನುತ್ತಿದ್ದ. ನಮ್ಮ ಎರೆಮಣ್ಣು ಅಲ್ಲಿ ಹೊಕ್ಕು ಕಾವಿಗೆ ಬೆಂದು ಇಟ್ಟಂಗಿಯಾಗುತ್ತಿತ್ತು. ಚಾಕು ಹಾಕಿದರೆ ಗೀರು ಬೀಳುತ್ತದೆಂದು ಬೇವಿನ ಕಡ್ಡಿಯಿಂದ ಕೆದರಿ, ಬಟ್ಟೆ ಸುತ್ತಿದ ಬೆರಳಿನಿಂದ ಒರೆಸಿ, ತಂಬಿಗೆಯಿಂದ ಸಣ್ಣಗೆ ನೀರು ಬಿಟ್ಟು, ಬಿಸಿಲಿಗೆ ಒಣಗಿಸುವುದು.

ಆ ಬೆರಳು ಗೌರಿಯದಾಗಿತ್ತು. ನನಗಿಂತ ಒಂದು ವರ್ಷ ಚಿಕ್ಕವಳು, ಬೆಂಡೆಕಾಯಿಯಂಥ ಬೆರಳು. ನಾನು ಹಿರಿಯ ಮೊಮ್ಮಗಳು, ಮೊದಲು ಹೋಗಿ ಕುಕ್ಕರುಗಾಲಲ್ಲಿ ಕೂತವಳೂ ನಾನೇ. ಮುತ್ಯಾ ನನ್ನ ಕೈ ಹಿಡಿದು ನೋಡಿ, "ನಿನ್ನ ಬೆರಳ ಬದನಿಕಾಯಿ ಆಗ್ಯಾವ ಬೇ, ಸಂದ್ಯಾಗ ಹೋಗಂಗಿಲ್ಲ. ನೀ ನೀರ ತಾ" ಅಂದ. ನಾನು ನೀರು ತಂದೆ. ಎಷ್ಟು ಸೋಮವಾರ ತಂದೆನೋ. ಅವರಿಬ್ಬರೂ ತಲೆಗೆ ತಲೆ ತಾಗಿಸಿ ಕೂತು, ಮುತ್ಯಾ ತಾನು ಸಾಕಿದ ಎತ್ತುಗಳ ಕತೆ ಪಿಸುದನಿಯಲ್ಲಿ ಹೇಳುವಾಗ, ನಾನು ಕೊಡ ಇಳಿಸುವಷ್ಟರಲ್ಲಿ ಕತೆ ಮುಗಿದಿರುತ್ತಿತ್ತು. ನಾನು ಅನ್ನದಲ್ಲಿ ತುಪ್ಪ ಕಡಿಮೆ ತಿಂದೆ, ಬೆರಳು ಸಣ್ಣಗಾಗಲೆಂದು. ಆಗಲಿಲ್ಲ. ಒಳಗೊಳಗೇ ಕುದಿದೆ.

ಒಂದು ಸೋಮವಾರ ಗಾಡಿ ಆಗಷ್ಟೇ ಬಂದು ನಿಂತಿತ್ತು, ಮುತ್ಯಾ ಒಳಗೆ ಉಣ್ಣಲು ಕೂತಿದ್ದ. ಗೌರಿ ಬೆರಳಿಗೆ ಬಟ್ಟೆ ಸುತ್ತಿಕೊಳ್ಳಲು ಹೊರಟಿದ್ದಳು. "ಆರ್ಯಾದ ಅಂತ, ಮುತ್ಯಾ ಅಂದಾನ. ಕೈ ಇಡು" ಅಂದೆ. ಮುತ್ಯಾನ ಹೆಸರು ಹೇಳಿದ ಮೇಲೆ ಅವಳು ಇನ್ನೊಂದು ಮಾತು ಕೇಳಲಿಲ್ಲ. ಮೂರು ಬೆರಳು ಪಕ್ಕೆಲುಬಿನ ನಡುವೆ ಇಟ್ಟಳು. ಆ ಕೂಗು ಕೇಳಿ ಉಂಡ ಕೈಯಲ್ಲೇ ಓಡಿಬಂದ ಮುತ್ಯಾ ಅವಳ ಕೈ ಹಿಡಿದು ಕೊಡ ಕೊಡ ನೀರು ಸುರಿದ. ಆ ನೀರನ್ನೂ ನಾನೇ ತಂದುಕೊಟ್ಟೆ. ಆಟಕ್ಕೆ ಹೋಗಿ ಸುಟ್ಟುಕೊಂಡಳೆಂದು ಕಾಕಿ ಬೈದರೂ ಗೌರಿ ನನ್ನ ಹೆಸರೆತ್ತಲಿಲ್ಲ. ಹದಿನೈದು ದಿನ ಮುತ್ಯಾ ರೊಟ್ಟಿ ಮುರಿದು, ಪುಂಡಿಪಲ್ಯ ಹಚ್ಚಿ ಅವಳಿಗೆ ತುತ್ತು ಮಾಡಿ ತಿನ್ನಿಸಿದ. ಹೇಳಲು ನಾಚಿಕೆಯಾಗುತ್ತದೆ, ಸುಟ್ಟ ಬೆರಳಿನ ಮೇಲೂ ನನಗೆ ಹೊಟ್ಟೆಕಿಚ್ಚು ಬಂತು.

ಮುಂದಿನ ಸೋಮವಾರ ನನ್ನ ಸರದಿ ಬರುತ್ತದೆಂದು ಬೇವಿನ ಕಡ್ಡಿ ಚೂಪು ಮಾಡಿಕೊಂಡು ಕಾದೆ. ಮುತ್ಯಾ ಕಟ್ಟೆಯಿಂದ ಏಳಲೇ ಇಲ್ಲ. "ಆಳಂದಕ್ಕ ಒಯ್ದು ತೊಳಸ್ಕೊಂಡು ಬಾ" ಎಂದು ಕಾಕಾನಿಗೆ ಹೇಳಿದ. ಆಮೇಲೆ ಬದುಕಿದ್ದ ಎರಡು ವರ್ಷವೂ ಅವನು ಆ ಗಾಡಿಗೆ ಕೈ ಹಚ್ಚಲಿಲ್ಲ. ಸೋಮವಾರ ಬಂದರೆ ಗೂಟದ ಕಡೆ ಮುಖ ಮಾಡಿ ಸುಮ್ಮನೆ ಕೂತಿರುತ್ತಿದ್ದ. ಅವನು ಹೋದ ಮೇಲೆ ಮನೆ ಪಾಲಾಯಿತು, ಅಂಗಳದ ನಡುವೆ ಗೋಡೆ ಎದ್ದಿತು. ಗೂಟ ಯಾರ ಪಾಲಿಗೆ ಬಂತೋ, ಯಾರು ಕಿತ್ತರೋ, ಕೇಳಿದರೆ ಇಬ್ಬರ ಕಡೆಯವರಿಗೂ ನೆನಪಿಲ್ಲ.

ಜೇವರ್ಗಿಯ ಆ ಅಂಗಳದಲ್ಲಿ ಗೌರಿಯ ಬೆರಳ ಮೇಲಿನ ನುಣ್ಣನೆಯ ಕಲೆ ನೋಡುತ್ತ ಕೊನೆಗೂ ಬಾಯಿ ಬಿಟ್ಟೆ. "ಗೌರಿ, ಅವತ್ತ ಮುತ್ಯಾ ಏನೂ ಅಂದಿದ್ದಿಲ್ಲ. ನಾ ಸುಳ್ಳ ಹೇಳಿದ್ದೆ."

"ನನಗ ಗೊತ್ತದ ಅಕ್ಕಾ. ಮುತ್ಯಾಗೂ ಗೊತ್ತಿತ್ತು. ಅವತ್ತೇ ಕೇಳ್ದ, ನಾ ಹೇಳಿಬಿಟ್ಟೆ."

"ಏನಂದ?"

"ಯಾರ ಮುಂದೂ ಆಡಬ್ಯಾಡ ಅಂದ. ಎರಡು ಕರ ಒಂದಕ್ಕೊಂದು ಹಾಯ್ದಾಡಿದ್ರ ತಪ್ಪು ಕರದ್ದಲ್ಲ, ಒಂದರ ಮೈಯಷ್ಟೇ ಸವರಿದಾಂವಂದು ಅಂದ. ಅದಕ್ಕ ತೊಳಿಯೂದ ಬಿಟ್ಟ."

ಎದೆಯ ಮೇಲಿನ ಕಲ್ಲು ಇಳಿಯಬೇಕಿತ್ತು. ಇಳಿಯಿತೇನೋ, ಆದರೆ ಜೊತೆಗೇ ಹಳೆಯ ಕಿಚ್ಚು ಎದ್ದಿತು. ನನ್ನ ತಪ್ಪನ್ನು ತನ್ನ ಮೇಲೆ ಹಾಕಿಕೊಂಡ ಆ ಮಾತನ್ನೂ ಮುತ್ಯಾ ಅವಳಿಗೇ ಹೇಳಿದ್ದ.

ಗೌರಿ ಮುಂಗೈಯ ಹಿಂಬದಿಯನ್ನು ಇಂಜಿನ್ನಿನ ಹತ್ತಿರ ಒಯ್ದು, ಮುಟ್ಟಿ ನೋಡಿದಳು. "ಆರ್ಯಾದ ಅಕ್ಕಾ. ಕೈ ಇಡು" ಅಂದಳು. ಒಂದು ಕ್ಷಣ ಹಿಂಜರಿದೆ, ಆಮೇಲೆ ಇಟ್ಟೆ. ನಿಜವಾಗಿಯೂ ತಣ್ಣಗಿತ್ತು. ನನ್ನ ಬೆರಳು ಮಾತ್ರ ಆ ಸಂದಿಯೊಳಗೆ ಈಗಲೂ ಹೋಗಲಿಲ್ಲ.